ನಗೆ ಯಾರ ಮೇಲೆ?

ಸತ್ಯಭಾಮೆ ಮುನಿಸಿಕೊಂಡಿದ್ದಾಳೆ. ನಾರದನು ದೇವಲೋಕದಿಂದ ತಂದ ಪಾರಿಜಾತದ ಹೂವು ರುಕ್ಮಿಣಿಯ ಪಾಲಾಯಿತೆಂಬ ಸುದ್ದಿ ಅವಳ ಅಂತಃಪುರವನ್ನು ಮುಟ್ಟಿದೆ. ದಿನದಿನವೂ ಹೊನ್ನು ಸುರಿಸುವ ಸ್ಯಮಂತಕ ಮಣಿಯಿದ್ದ ತೌರು, ಮೂರು ಲೋಕ ಮೆಚ್ಚುವ ರೂಪು, ತನಗೆ ಸಮನಾದವಳು ದ್ವಾರಕೆಯಲ್ಲಿಲ್ಲವೆಂಬ ನಂಬಿಕೆ, ಈ ಮೂರಕ್ಕೂ ಒಂದೇ ಹೂವಿನಿಂದ ಪೆಟ್ಟು ಬಿದ್ದಿದೆ. ಪುರಾಣಕಾರನಿಗೆ ಇದು ಭಗವಂತನ ಲೀಲೆ. ಆದರೆ ಗಲಗಲಿ, ಬೀಳಗಿ, ಮುಧೋಳ, ಜಮಖಂಡಿಗಳ ಸೀಮೆಯಲ್ಲಿ ‘ಶ್ರೀಕೃಷ್ಣ ಪಾರಿಜಾತ’ದ ಬಯಲಾಟವನ್ನು ಬೆಳಗಿನವರೆಗೂ ಕುಳಿತು ನೋಡುವ ಜನಕ್ಕೆ ಇದು ಓಣಿಯ ಮೂರನೆಯ ಮನೆಯ ಜಗಳ. ಹಣವಂತರ ಮಗಳು ಗಂಡನ ಮನೆಯಲ್ಲಿ ತೌರಿನ ದೊಡ್ಡಸ್ತಿಕೆ ಮೆರೆಯುವುದನ್ನು ಅವರು ಕಂಡಿಲ್ಲವೆ? ಇಬ್ಬರ ನಡುವೆ ಸಿಕ್ಕಿ ಎರಡು ಕಡೆಗೂ ಹಲ್ಲು ಕಿರಿಯುವ ಗಂಡಸನ್ನು ಅವರು ಅರಿಯರೆ?

ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಈ ಆಟದ ಸೊಗಸು ಹಾಡುಗಳಲ್ಲಿದೆ, ನಿಜ; ಆದರೆ ಅದರ ಜೀವವಿರುವುದು ಹಾಡು ಹಾಡುಗಳ ನಡುವಣ ಮಾತಿನಲ್ಲಿ. ಅರಮನೆಯ ರಾಣಿ ಬಿಂಕದಿಂದ ಒಂದು ಪ್ರಶ್ನೆ ಕೇಳುತ್ತಾಳೆ. ಭಾಗವತನು ಅದಕ್ಕೆ ಕಟ್ಟೆಯ ಮೇಲೆ ಕುಳಿತ ರೈತನ ಮಾತಿನಲ್ಲಿ ಉತ್ತರ ಕೊಡುತ್ತಾನೆ. ಮೂರು ಲೋಕದ ಒಡೆಯನ ಮಡದಿ ಆ ಉತ್ತರದ ಮುಂದೆ ಒಂದು ಕ್ಷಣ ತಬ್ಬಿಬ್ಬಾಗುತ್ತಾಳೆ. ಸಭೆ ಗೊಳ್ಳೆಂದು ನಗುತ್ತದೆ. ಆ ನಗೆ ಹೊಡೆದದ್ದು ಗರ್ವವನ್ನು. ಗರ್ವಪಟ್ಟವಳ ಮೇಲೆ ಯಾರಿಗೂ ದ್ವೇಷವಿಲ್ಲ. ಬೆಳಗಾಗುವ ಹೊತ್ತಿಗೆ ಅವಳೂ ಎಲ್ಲರ ಮನೆಯ ಮಗಳೇ.

ಒಂದು ಮನೆ, ಅದೇ ನಾಲ್ಕಾರು ಜನ, ಪ್ರತಿ ಸಲವೂ ಒಂದು ಹೊಸ ತಂಟೆ. ಇಷ್ಟನ್ನು ಅರ್ಧ ಗಂಟೆಯ ಅಳತೆಗೆ ಕತ್ತರಿಸಿ ವಾರಕ್ಕೊಮ್ಮೆ ಪೆಟ್ಟಿಗೆಯೊಳಗಿಂದ ತೋರಿಸಿದರೆ ಅದೇ ‘ಸಿಟ್‌ಕಾಂ’. ಹೆಸರು ಪರದೇಶದ್ದು; ಸರಕು ಎಲ್ಲ ದೇಶದ ಪಡಸಾಲೆಗಳಲ್ಲೂ ಇದೆ.

ಆ ಪೆಟ್ಟಿಗೆ ಈ ಸೀಮೆಗೆ ಬಂದ ಬಗೆಯೂ ಸ್ವಾರಸ್ಯವಾದುದು. ಕನ್ನಡ ನಾಡಿನಲ್ಲಿ ದೂರದರ್ಶನವನ್ನು ಮೊದಲು ಕಂಡವರು ಬೆಂಗಳೂರಿನ ಬಂಗಲೆಗಳವರೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಮುಟ್ಟಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆಗ ಗಲಗಲಿಯೂ ಬಿಜಾಪುರ ಜಿಲ್ಲೆಯದೇ ಊರು. ಹೀಗೆ ರಾಜಧಾನಿಗಿಂತ ಮೊದಲು ಈ ಜಿಲ್ಲೆಯ ಹಳ್ಳಿಗಳ ಜನ ಸಂಜೆ ಒಂದೆಡೆ ಸೇರಿ, ಬೇಸಾಯ, ಆರೋಗ್ಯ, ಶಿಕ್ಷಣಗಳ ವಿಷಯವನ್ನು ಬೆಳಕಿನ ಪರದೆಯ ಮೇಲೆ ಕಂಡರು. ಬುದ್ಧಿ ಹೇಳುವ ಕಾರ್ಯಕ್ರಮಗಳೇ ಹೆಚ್ಚಾಗಿದ್ದುವು. ಬುದ್ಧಿಮಾತಿಗೆ ಯಾವ ಕಾಲದಲ್ಲೂ ಕೊರತೆಯಿಲ್ಲವಷ್ಟೆ!

ಇತ್ತ ಉಪಗ್ರಹ ಗೊಬ್ಬರದ ವಿಚಾರ ಹೇಳುತ್ತಿದ್ದ ಅದೇ ವರ್ಷ, ಅದನ್ನು ಎರವಲು ಕೊಟ್ಟ ದೇಶದಲ್ಲಿ ಅತಿ ಹೆಚ್ಚು ಜನ ನೋಡುತ್ತಿದ್ದ ಕಾರ್ಯಕ್ರಮ ಯಾವುದು? ಒಬ್ಬ ಒರಟು ಮುದುಕ ತನ್ನ ಕುರ್ಚಿಯಲ್ಲಿ ಕುಳಿತು ಕರಿಯರನ್ನೂ ಯೆಹೂದ್ಯರನ್ನೂ ಹೆಂಗಸರನ್ನೂ ಹೊಸ ತಲೆಮಾರನ್ನೂ ಬಾಯಿಗೆ ಬಂದಂತೆ ಬೈಯುವ ವಿನೋದ ಮಾಲಿಕೆ. ‘ಆಲ್ ಇನ್ ದ ಫ್ಯಾಮಿಲಿ’ ಎಂದು ಅದರ ಹೆಸರು. 1971ರ ಜನವರಿ 12ರಂದು ಅದು ಆರಂಭವಾದಾಗ ಪ್ರಸಾರ ಮಾಡಿದ ಸಿ.ಬಿ.ಎಸ್. ಸಂಸ್ಥೆಯವರಿಗೇ ಎದೆ ಡವಗುಟ್ಟುತ್ತಿತ್ತು. ಮಾನವನ ದೌರ್ಬಲ್ಯಗಳ ಮೇಲೆ ನಗೆಯ ಬೆಳಕು ಚೆಲ್ಲುವುದಷ್ಟೇ ಉದ್ದೇಶವೆಂಬ ಅರ್ಥದ ಒಂದು ವಿಜ್ಞಾಪನೆಯನ್ನು ಮೊದಲ ಕಂತಿಗೆ ಅಂಟಿಸಿ ಅವರು ಕೈತೊಳೆದುಕೊಂಡರು. ಆದರೆ ಜನ ಮುನಿಯಲಿಲ್ಲ. ಒಂದಲ್ಲ, ಎರಡಲ್ಲ, ಒಂದೇ ಸಮನೆ ಐದು ವರ್ಷ ಅದು ಆ ದೇಶದ ಮೊದಲನೆಯ ಕಾರ್ಯಕ್ರಮವಾಗಿ ನಿಂತಿತು.

ಕಥೆಯ ಚೌಕಟ್ಟು ಕನ್ನಡ ಕುಟುಂಬದವರಿಗೆ ಎಷ್ಟು ಪರಿಚಿತವೆಂದರೆ, ಹೆಸರುಗಳನ್ನು ಬದಲಿಸಿದರೆ ಸಾಕು, ಬಾಗಲಕೋಟೆಯ ಯಾವ ಬಡಾವಣೆಯಲ್ಲಾದರೂ ಅದನ್ನು ಇಳಿಸಬಹುದು. ಆರ್ಚಿ ಬಂಕರ್ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕೆಳಮಧ್ಯಮ ವರ್ಗದ ಗೃಹಸ್ಥ. ಸರಕು ಏರಿಸಿ ಇಳಿಸುವ ಕಟ್ಟೆಯ ಮೇಲ್ವಿಚಾರಕ. ಹೆಂಡತಿ ಈಡಿತ್ ಸಾಧ್ವಿ, ಮಂದಬುದ್ಧಿಯವಳೆಂದು ತೋರಿದರೂ ಮನೆಯಲ್ಲಿ ನಿಜವಾದ ವಿವೇಕವಿರುವುದು ಅವಳಲ್ಲಿ. ಮಗಳು ಗ್ಲೋರಿಯಾ. ಅವಳ ಗಂಡ ಮೈಕ್ ಸಮಾಜಶಾಸ್ತ್ರದ ವಿದ್ಯಾರ್ಥಿ, ಪೋಲಿಷ್ ವಂಶದವನು, ಉದಾರವಾದಿ, ಇಷ್ಟಕ್ಕೂ ಮಿಗಿಲಾಗಿ ಮನೆಅಳಿಯ! ‘ಮನೆಅಳಿಯ’ ಎಂಬ ಒಂದು ಶಬ್ದದಲ್ಲಿ ಎಷ್ಟು ನಾಟಕವಿದೆಯೆಂಬುದನ್ನು ಕನ್ನಡ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾವನ ಅನ್ನ ತಿನ್ನುತ್ತ ಮಾವನ ಲೋಕವನ್ನೆಲ್ಲ ಅನ್ಯಾಯದ ಲೋಕವೆಂದು ಸಾಧಿಸುವ ಅಳಿಯ. ಅಳಿಯನ ವಾದಕ್ಕೆ ಉತ್ತರ ಕಾಣದೆ ಊಟದ ಲೆಕ್ಕ ತೆಗೆಯುವ ಮಾವ. ಹಳೆಯದು ಹೊಸದರ ಕದನ ದೊಡ್ಡ ತತ್ತ್ವಗಳ ಕದನವೆಂದು ಗ್ರಂಥಗಳು ಹೇಳುತ್ತವೆ. ಮನೆಯೊಳಗೆ ಅದು ಕುರ್ಚಿ ಯಾರದು, ಸ್ನಾನದ ಮನೆ ಯಾರಿಗೆ ಮೊದಲು ಎಂಬ ಮಟ್ಟದಲ್ಲಿ ನಡೆಯುತ್ತದೆ. ನಿರ್ಮಾಪಕ ನಾರ್ಮನ್ ಲಿಯರ್ ಇದನ್ನು ಬಲ್ಲವರಾಗಿದ್ದರು. ಆರ್ಚಿಯ ಬಾಯಲ್ಲಿ ತಾವಿಟ್ಟ ಹಲವು ಮಾತುಗಳು ತಮ್ಮ ತಂದೆಯವೇ ಎಂದು ಅವರು ಹೇಳಿಕೊಂಡಿದ್ದಾರೆ. ಆರ್ಚಿಯ ಆ ಕುರ್ಚಿಯನ್ನು 1978ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಸೇರಿಸಿಕೊಂಡರು. ಅರಸರ ಸಿಂಹಾಸನಗಳಿಗೆ ಸಲ್ಲುವ ಗೌರವ ಒಂದು ಮಾಸಿದ ಕುರ್ಚಿಗೆ ಸಂದಿತು.

ಇದರ ಬೇರು ಇಂಗ್ಲೆಂಡಿನಲ್ಲಿದೆ. ಜಾನಿ ಸ್ಪೈಟ್ ಬರೆದು ಬಿ.ಬಿ.ಸಿ. 1965ರಿಂದ ಪ್ರಸಾರ ಮಾಡಿದ ‘ಟಿಲ್ ಡೆತ್ ಅಸ್ ಡೂ ಪಾರ್ಟ್’ ಎಂಬ ಮಾಲಿಕೆಯಲ್ಲಿ ಆಲ್ಫ್ ಗಾರ್ನೆಟ್ ಎಂಬ ಲಂಡನ್ನಿನ ಕಾರ್ಮಿಕನಿದ್ದ; ವಲಸೆ ಬಂದವರ ಮೇಲೆ ಕೆಂಡ ಕಾರುವವ. ಅವನ ಪಾತ್ರವನ್ನಾಡಿದ ವಾರೆನ್ ಮಿಚೆಲ್ ಸ್ವತಃ ಯೆಹೂದ್ಯ ವಂಶದವರು, ವಿಚಾರದಲ್ಲಿ ಎಡಪಂಥದವರು. ದಾರಿಯಲ್ಲಿ ಸಿಕ್ಕವರು, “ವಲಸೆಗಾರರಿಗೆ ಸರಿಯಾಗಿ ಬಿಸಿ ಮುಟ್ಟಿಸಿದಿರಿ” ಎಂಬ ಧಾಟಿಯಲ್ಲಿ ಅವರ ಬೆನ್ನು ತಟ್ಟುತ್ತಿದ್ದರಂತೆ. ತಾವು ಬಿಸಿ ಮುಟ್ಟಿಸಲು ಹೊರಟದ್ದು ನಿಮ್ಮಂಥವರಿಗೇ ಎಂದು ಮಿಚೆಲ್ ತಿರುಗಿ ಹೇಳಬೇಕಾಗುತ್ತಿತ್ತು.

ಈ ಎಲ್ಲ ವಿನೋದದ ಬುಡದಲ್ಲಿರುವ ಮುಳ್ಳು ಇಲ್ಲಿದೆ. ಮೂರ್ಖನೊಬ್ಬನನ್ನು ರಂಗಕ್ಕೆ ತಂದು ಅವನ ಮೂರ್ಖತನವನ್ನು ಬಯಲಿಗೆಳೆದರೆ ನೋಡುವವರು ಮೂರ್ಖತನವನ್ನು ಬಿಡುತ್ತಾರೆಂದು ಬರೆಯುವವರ ನಂಬಿಕೆ. ಆದರೆ ಅವನ ಮಾತು ಚುರುಕಾಗಿದ್ದರೆ? ಅವನು ನಗಿಸುವವನಾಗಿ, ಅವನನ್ನು ತಿದ್ದಲು ಬಂದವನು ಉಪದೇಶಕನಾಗಿ ಕಂಡರೆ? 1971ರಲ್ಲಿಯೇ ಲಾರಾ ಹಾಬ್ಸನ್ ಎಂಬ ಕಾದಂಬರಿಕಾರ್ತಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದು, ಜನಾಂಗದ್ವೇಷಿಯನ್ನು ಮುದ್ದಾಗಿ ಚಿತ್ರಿಸುವುದೇ ಅಪಾಯವೆಂದು ಆಕ್ಷೇಪಿಸಿದರು. ಲಿಯರ್ ಅದಕ್ಕೆ ಉತ್ತರ ಕೊಟ್ಟರು. 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ತರುಣರನ್ನೂ ಕೆನಡಾದ ವಯಸ್ಕರನ್ನೂ ವಿಚಾರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಪೂರ್ವಗ್ರಹವಿದ್ದವರೂ ಇಲ್ಲದವರೂ ಮಾಲಿಕೆಯನ್ನು ಸವಿದು ನಕ್ಕವರೇ. ಆದರೆ ಪೂರ್ವಗ್ರಹ ಬಲವಾಗಿದ್ದವರು ಆರ್ಚಿಯನ್ನೇ ಹೆಚ್ಚಾಗಿ ಮೆಚ್ಚಿದ್ದರು. ವಾದದಲ್ಲಿ ಅವನ ಮಾತೇ ಸರಿಯೆಂದು ಕಂಡಿದ್ದರು. ಒಂದೇ ನಗೆ, ಎರಡು ಅರ್ಥ! ಕನ್ನಡಿಯನ್ನು ಹಿಡಿದರೆ ಕುರೂಪಿ ನಾಚುತ್ತಾನೆಂದು ಹಿಡಿದವನು ತಿಳಿದಿದ್ದ. ಕುರೂಪಿ ಮೀಸೆ ತೀಡಿಕೊಂಡ.

ಹಾಗೆಂದು ಆ ಪ್ರಯತ್ನವೆಲ್ಲ ವ್ಯರ್ಥವೆನ್ನುವುದು ಆತುರದ ತೀರ್ಮಾನವಾದೀತು. 1972ರ ಫೆಬ್ರವರಿಯ ಒಂದು ಕಂತಿನಲ್ಲಿ ಸುಪ್ರಸಿದ್ಧ ಕರಿಯ ಗಾಯಕ ಸ್ಯಾಮಿ ಡೇವಿಸ್ ಜೂನಿಯರ್ ತಮ್ಮ ನಿಜ ರೂಪದಲ್ಲಿಯೇ ಆರ್ಚಿಯ ಮನೆಗೆ ಬರುತ್ತಾರೆ. ಬಿಡುವಿನಲ್ಲಿ ಟ್ಯಾಕ್ಸಿ ಓಡಿಸುವ ಆರ್ಚಿಯ ವಾಹನದಲ್ಲಿ ಮರೆತ ಕೈಪೆಟ್ಟಿಗೆಯನ್ನು ಒಯ್ಯಲೆಂದು. ಹೊರಡುವಾಗ ಛಾಯಾಚಿತ್ರ ತೆಗೆಯುವ ಕ್ಷಣದಲ್ಲಿ ಸರಿಯಾಗಿ ಅವರು ಆರ್ಚಿಯ ಕೆನ್ನೆಗೆ ಮುತ್ತಿಡುತ್ತಾರೆ. ಆರ್ಚಿಯ ಮುಖದಲ್ಲಿ ಆಗ ಮೂಡಿದ ಭಾವ ಯಾವ ಉಪನ್ಯಾಸಕ್ಕೂ ನಿಲುಕದು. ಮುಟ್ಟಿದರೆ ಮೈಲಿಗೆಯೆಂಬ ಭಾವನೆಯಲ್ಲಿ ಬೆಳೆದ ದೇಶದವರಿಗೆ ಆ ಮುತ್ತಿನ ಬೆಲೆ ಹೇಳಿ ತಿಳಿಸಬೇಕೆ?

ಈ ಮನೆಯ ನೆರೆಯವರ ಕಥೆಯೇ ಬೆಳೆದು 1975ರಲ್ಲಿ ‘ದ ಜೆಫರ್‌ಸನ್ಸ್’ ಎಂಬ ಬೇರೆ ಮಾಲಿಕೆಯಾಯಿತು. ಬಟ್ಟೆ ಒಗೆಯುವ ಅಂಗಡಿಗಳಿಂದ ಹಣ ಕೂಡಿಸಿದ ಕರಿಯ ಗೃಹಸ್ಥ ಜಾರ್ಜ್, ಸಿರಿವಂತರ ಎತ್ತರದ ಕಟ್ಟಡಕ್ಕೆ ವಾಸ ಬದಲಿಸುತ್ತಾನೆ. ಇಷ್ಟು ದಿನ ಕೆಳಗಿನಿಂದ ಬೈಗುಳ ತಿಂದವನು ಮೇಲೇರಿದ ಮೇಲೆ ಏನಾಗುತ್ತಾನೆ? ಅವನೂ ಒಂದು ಬಗೆಯ ಆರ್ಚಿಯೇ ಆಗುತ್ತಾನೆ. ಬಿಳಿಯ ಗಂಡ, ಕರಿಯ ಹೆಂಡತಿಯ ಜೋಡಿಯೊಂದು ನೆರೆಯಲ್ಲಿದ್ದರೆ ಅವರನ್ನು ಚುಚ್ಚುತ್ತಾನೆ. ಮನೆಗೆಲಸದವಳ ಮೇಲೆ ಯಜಮಾನಿಕೆ ಮೆರೆಯುತ್ತಾನೆ. ಅವಳು ಎದುರುತ್ತರ ಕೊಟ್ಟಾಗ ಪೆಚ್ಚಾಗುತ್ತಾನೆ. ಪೂರ್ವಗ್ರಹ ಒಂದೇ ಬಣ್ಣದವರ ಸೊತ್ತಲ್ಲವೆಂದು ಇಷ್ಟು ನಗುನಗುತ್ತ ಹೇಳಿದ ಕೃತಿ ಅಪರೂಪ.

ಕನ್ನಡಕ್ಕೆ ಈ ವಿದ್ಯೆ ಹೊಸದೆ? ಖಂಡಿತ ಅಲ್ಲ. ಕನ್ನಡದ ಮೊಟ್ಟಮೊದಲ ಸಾಮಾಜಿಕ ನಾಟಕವೆಂದು ಹೆಸರಾದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ 1887ರಷ್ಟು ಹಿಂದಿನದು. ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ತಮ್ಮ ಹವ್ಯಕ ಸಮಾಜದಲ್ಲಿ ಹಣಕ್ಕೆ ಹೆಣ್ಣು ಮಾರುವ ಪದ್ಧತಿಯನ್ನು, ಮುದಿವರನನ್ನು, ತಮ್ಮವರ ಮನೆಮಾತಿನಲ್ಲಿಯೇ ನಗೆಗೀಡುಮಾಡಿದರು. ಪರರನ್ನು ನಗುವುದು ಸುಲಭ. ತನ್ನವರನ್ನು ತನ್ನವರ ಮಾತಿನಲ್ಲಿಯೇ ನಗುವುದಕ್ಕೆ ಎದೆ ಬೇಕು. ಮುಂದೆ ಟಿ.ಪಿ. ಕೈಲಾಸಂ ಅವರು ಪೌರಾಣಿಕ ನಾಟಕಗಳ ಕಿರೀಟ ಗದೆಗಳನ್ನು ಬದಿಗೆ ಸರಿಸಿ ಮಧ್ಯಮ ವರ್ಗದ ಮನೆಯ ಹಜಾರವನ್ನು ರಂಗಕ್ಕೆ ತಂದರು. ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಗಳ ಹುಲಿಯಾದ ಅಣ್ಣ, ಓದಿನಲ್ಲಿ ಹಿಂದುಳಿದ ತಮ್ಮ, ಮನೆಗೆ ಬೆಂಕಿ ಬಿದ್ದಾಗ ಯಾವುದು ಟೊಳ್ಳು, ಯಾವುದು ಗಟ್ಟಿ ಎಂಬುದು ಹೊರಬೀಳುತ್ತದೆ. ಅಂಕಪಟ್ಟಿಯನ್ನು ಗೋಡೆಗೆ ತೂಗುಹಾಕುವ ತಂದೆತಾಯಿಗಳು ಇಂದಿಗೂ ಓದಬೇಕಾದ ನಾಟಕವಿದು. ಅರ್ಧ ಇಂಗ್ಲಿಷ್, ಅರ್ಧ ಕನ್ನಡದ ಕೈಲಾಸಂ ಪಾತ್ರಗಳು ಇಂದಿನ ಬೆಂಗಳೂರಿನ ಮಾಲಿಗೆಗಳಲ್ಲಿ ಇನ್ನೂ ಕಾಫಿ ಹೀರುತ್ತಿವೆ.

ಬಿಜಾಪುರ ಜಿಲ್ಲೆಯ ಅಗರಖೇಡದ ಶ್ರೀರಂಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1930ರ ದಶಕದ ‘ಹರಿಜನ್ವಾರ’ ಅಸ್ಪೃಶ್ಯತೆಯ ಪ್ರಶ್ನೆಯನ್ನು ಭಾಷಣದ ವೇದಿಕೆಯಿಂದ ಇಳಿಸಿ ಮೇಲುಜಾತಿಯ ಮನೆಯೊಳಗೆ ತಂದಿಟ್ಟಿತು. ಹೊರಗೆ ಒಂದು ಮಾತು, ಒಳಗೆ ಒಂದು ಮಡಿ. ಇವೆರಡರ ನಡುವಣ ಹೊಸ್ತಿಲಲ್ಲಿ ಎಡವುವವರನ್ನು ಶ್ರೀರಂಗರಷ್ಟು ನಿರ್ದಾಕ್ಷಿಣ್ಯವಾಗಿ ನೋಡಿ ನಕ್ಕವರು ಕಡಮೆ. ಅವರ ನಗೆಯಲ್ಲಿ ಸಕ್ಕರೆ ಕಡಮೆಯೆಂದು ಆಕ್ಷೇಪಿಸುವವರುಂಟು. ಆಕ್ಷೇಪ ನಿಜವೇ ಇರಬಹುದು. ಆರ್ಚಿಯನ್ನು ಮುದ್ದಾಗಿಸಿದ ಸಕ್ಕರೆ ಏನು ಮಾಡಿತೆಂಬುದನ್ನು ಕಂಡ ಮೇಲೆ ಶ್ರೀರಂಗರ ಕಹಿಯೇ ಮೇಲೆಂದು ತೋರುತ್ತದೆ.

ಇನ್ನು ಕಂಪನಿ ನಾಟಕಗಳು. ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಜಾತ್ರೆಯ ಡೇರೆಗಳಲ್ಲಿ ಜನಮನ ಸೂರೆಗೊಂಡು, 1974ರಲ್ಲಿ ಎ.ವಿ. ಶೇಷಗಿರಿರಾಯರ ನಿರ್ದೇಶನದಲ್ಲಿ ರಾಜಕುಮಾರ್, ಮಂಜುಳಾ ಅಭಿನಯದ ಚಲನಚಿತ್ರವೂ ಆಯಿತು. ಎಮ್ಮೆಯ ಮೇಲೆ ಕುಳಿತು ಹಾಡಿದ ಬಡ ತರುಣನನ್ನು ಮರೆತವರುಂಟೆ? ಸಾಹುಕಾರನ ದರ್ಪ, ಕಲಿತ ಮಗಳ ಬಿಂಕ, ಎರಡಕ್ಕೂ ಎದುರಾಗಿ ಹಳ್ಳಿಯವನ ನಾಲಗೆ. ಪಾರಿಜಾತದ ಸತ್ಯಭಾಮೆ ಇಲ್ಲಿ ಸೀರೆಯ ನಮೂನೆಯನ್ನಷ್ಟೇ ಬದಲಿಸಿದ್ದಾಳೆ. ರಬಕವಿ, ಬನಹಟ್ಟಿಗಳ ನೇಕಾರ ಇಡೀ ದಿನ ಮಗ್ಗದ ಮುಂದೆ ಕುಳಿತು, ಸಾಲ ಕೊಟ್ಟ ಧಣಿಗೆ ತಲೆಬಾಗಿ, ರಾತ್ರಿ ಇಂಥ ನಾಟಕಕ್ಕೆ ಹೋಗಿ ಧಣಿಯ ಪೇಟ ಉರುಳುವುದನ್ನು ಕಂಡು ಶಿಳ್ಳೆ ಹಾಕಿದರೆ ಅದು ಬರಿಯ ಮನರಂಜನೆಯಲ್ಲ. ಮರುದಿನ ಬೆಳಿಗ್ಗೆ ಸಾಲ ಇದ್ದಲ್ಲಿಯೇ ಇರುತ್ತದೆ, ನಿಜ. ತಲೆ ಬಾಗುವಾಗ ತುಟಿಯ ಮೂಲೆಯಲ್ಲಿ ಒಂದು ನಗೆ ಉಳಿದಿರುತ್ತದೆ.

ಇಂಥ ಪರಂಪರೆಯ ವಾರಸುದಾರಿಕೆ ಪಡೆದ ಕನ್ನಡದ ಕಿರುತೆರೆ ಅದನ್ನು ಹೇಗೆ ಬಳಸಿಕೊಂಡಿತು? ದೂರದರ್ಶನದ ಕಾಲದಲ್ಲಿ ‘ಸಿಹಿಕಹಿ’ ಬಂದಿತು. ಮಧ್ಯಮ ವರ್ಗದ ದಾಂಪತ್ಯದ ಸಣ್ಣಪುಟ್ಟ ವಿರಸಗಳನ್ನು ಅದು ಎಷ್ಟು ಆಪ್ತವಾಗಿ ತೋರಿಸಿತೆಂದರೆ ಮಾಲಿಕೆಯ ಹೆಸರೇ ಚಂದ್ರು, ಗೀತಾ ದಂಪತಿಗಳ ಹೆಸರಿಗೆ ಅಂಟಿಕೊಂಡಿತು. ರಮೇಶ್ ಭಟ್ ಅವರ ‘ಕ್ರೇಜಿ ಕರ್ನಲ್’ ಮನೆಮಾತಾಯಿತು. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರ ಕಲ್ಪನೆಯಿಂದ 1988ರಲ್ಲಿ ಹಿಂದಿಯ ‘ವಾಗ್ಲೆ ಕೀ ದುನಿಯಾ’ ರೂಪುಗೊಂಡಾಗ, ಗುಮಾಸ್ತನೊಬ್ಬನ ಅಸಹಾಯಕತೆ ದೇಶವನ್ನೇ ನಗಿಸಿತು. ಖಾಸಗಿ ವಾಹಿನಿಗಳು ಬಂದ ಮೇಲೆ ಈಟೀವಿ ಕನ್ನಡದಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬಂದವು. ವಿಜಯಪ್ರಸಾದರ ‘ಸಿಲ್ಲಿ ಲಲ್ಲಿ’ಯ ಲಲಿತಾಂಬ ಸಮಾಜಸೇವಕಿ, ಮನೆಯನ್ನು ಮರೆತು ಸಮಾಜವನ್ನು ಉದ್ಧರಿಸಹೊರಟವಳು. ಘೋಷಣೆ, ಹಾರ, ಭಾಷಣಗಳ ಸಮಾಜಸೇವೆಯನ್ನು ಆ ಪಾತ್ರ ಎಷ್ಟು ಸೊಗಸಾಗಿ ಅಣಕಿಸಿತೆಂದರೆ, ಆ ನಂತರ ಊರೂರಿನಲ್ಲಿ ಅಧ್ಯಕ್ಷಿಣಿಯರು ಮೈಕಿನ ಮುಂದೆ ನಿಂತಾಗ ಸಭೆಯಲ್ಲಿ ಮುಸಿಮುಸಿ ನಗೆ ಕೇಳಿಸತೊಡಗಿತು. ಇದು ಸಣ್ಣ ಸಾಧನೆಯಲ್ಲ.

ಆದರೂ ಒಂದು ಸಂದೇಹ ಉಳಿಯುತ್ತದೆ. ಈ ಮಾಲಿಕೆಗಳಲ್ಲಿ ಜಿಪುಣನುಂಟು, ಹೆಂಡತಿಗೆ ಅಂಜುವ ಗಂಡನುಂಟು, ಬಾಯಿಬಡಕ ಅತ್ತೆಯುಂಟು, ಬಾಡಿಗೆ ವಸೂಲಿಗೆ ಬರುವ ಮನೆಯೊಡೆಯನುಂಟು, ಜಾತಿ ಎಲ್ಲಿ? ಮದುವೆಯ ಮಾತು ಎತ್ತಿದ ಕೂಡಲೆ ಮೊದಲು ವಿಚಾರಿಸುವ, ಬಾಡಿಗೆಗೆ ಮನೆ ಕೇಳಿದವರಿಂದ ಸುತ್ತಿಬಳಸಿ ತಿಳಿದುಕೊಳ್ಳುವ, ನೀರಿನ ಲೋಟವನ್ನು ಬೇರೆ ಇಡಿಸುವ ಆ ವಸ್ತು ಕನ್ನಡದ ನಗೆಯ ಮನೆಗಳಲ್ಲಿ ಕಾಣಸಿಗುವುದು ಬಲು ವಿರಳ. ಅಮೆರಿಕದವರು ತಮ್ಮ ರೋಗವನ್ನು ಅದರ ಹೆಸರಿನಿಂದಲೇ ಕರೆದು ನಕ್ಕರು. ತೊಂಬತ್ತು ವರ್ಷಗಳ ಹಿಂದೆ ಶ್ರೀರಂಗರು ನಕ್ಕಿದ್ದರು. ಕಿರುತೆರೆ ಮಾತ್ರ ಅತಿಥಿಯ ಮುಂದೆ ಮನೆಯ ಜಗಳ ಮರೆಸುವ ಗೃಹಿಣಿಯಂತೆ ಬಾಗಿಲು ಮುಚ್ಚಿಕೊಂಡಿತು. ಜಾಹೀರಾತುದಾರರ ಅಂಜಿಕೆಯೊ, ಯಾರ ಮನಸ್ಸಿಗೆ ನೋವಾದೀತೆಂಬ ಸಂಕೋಚವೊ, ಮಾಲಿಕೆ ನಿಂತುಹೋದೀತೆಂಬ ಭಯವೊ, ಮೂರೂ ಸೇರಿರಬಹುದು.

ಅದಕ್ಕಿಂತ ಹತ್ತಿರದ ಇನ್ನೊಂದು ನೋವು ಕೃಷ್ಣೆಯ ದಂಡೆಯವರದು. ಬೆಂಗಳೂರಿನ ಚಲನಚಿತ್ರಗಳಲ್ಲಿ, ಮಾಲಿಕೆಗಳಲ್ಲಿ ಉತ್ತರ ಕರ್ನಾಟಕದ ಮಾತನ್ನಾಡುವವನು ಯಾರು? ಬಹಳ ಸಲ ಅವನು ಅಡಿಗೆಯವನು, ಕಾವಲುಗಾರ, ಊರಿಂದ ಬಂದು ರೈಲು ನಿಲ್ದಾಣದಲ್ಲಿ ದಾರಿ ತಪ್ಪಿದ ಪೆದ್ದ. ಇಲ್ಲವೆ ಗದರಿಸುವ ಗೌಡ. “ಯಾಕ್ರೀ”, “ಹೋಗೂಣ ಬರ್ರಿ” ಎಂದರೆ ಸಾಕು, ಬೇರೆ ಹಾಸ್ಯದ ಅಗತ್ಯವಿಲ್ಲದೆ ನಗೆಯ ಯಂತ್ರ ತಿರುಗುತ್ತದೆ. ನಾಯಕ, ನಾಯಿಕೆ, ವೈದ್ಯ, ವಕೀಲ, ಪ್ರೇಮಪತ್ರ ಬರೆಯುವವ, ಇವರೆಲ್ಲರಿಗೂ ಬೇರೆ ಕನ್ನಡ. ಪೂರ್ವಗ್ರಹವನ್ನು ಅಣಕಿಸುವುದಕ್ಕೆ ಹುಟ್ಟಿದ ಕಲೆ ತಾನೇ ಒಂದು ಪೂರ್ವಗ್ರಹವನ್ನು ಬಡ್ಡಿಗೆ ಬಿಟ್ಟಂತಾಯಿತಲ್ಲವೆ?

ಗಲಗಲಿಯ ಹುಡುಗಿಯೊಬ್ಬಳು ಬೆಂಗಳೂರಿನ ಕಾಲೇಜಿಗೆ ಸೇರಿದರೆ ಮೊದಲ ವಾರದಲ್ಲಿಯೇ ಬಾಯಿಬಿಡಲು ಹಿಂಜರಿಯುತ್ತಾಳೆ. ಎರಡನೆಯ ತಿಂಗಳಿಗೆ ತನ್ನ ‘ಅವ್ವ’ನನ್ನು ಗೆಳತಿಯರ ಮುಂದೆ ‘ಅಮ್ಮ’ನೆನ್ನುತ್ತಾಳೆ. ಊರಿಗೆ ಬಂದಾಗ ಅವ್ವನಿಗೆ, “ಹಂಗ ಮಾತಾಡಬ್ಯಾಡಬೇ” ಎನ್ನುತ್ತಾಳೆ. ಅವ್ವ ಏನೂ ತಿಳಿಯದೆ ನಗುತ್ತಾಳೆ. ನಗೆಗಳಲ್ಲಿ ಹೀಗೂ ಒಂದು ನಗೆಯುಂಟು.

ಯಾವ ಮಾತನ್ನು ಕೇಳಿ ಈ ನಗೆ? ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ನಾಡು ಯಾವುದೆಂದು ಗುರುತಿಸುವಾಗ ಎಣಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲ್ ಒಂದು. ಎಂದರೆ ಇದೇ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಒಕ್ಕುಂದ, ಪುಲಿಗೆರೆ, ಕೊಪಣಗಳೂ ಈ ಬಯಲು ಸೀಮೆಯವೇ. ಬೆಂಗಳೂರಿನ ಹೆಸರು ಆ ಪಟ್ಟಿಯಲ್ಲಿಲ್ಲ! ಹತ್ತನೆಯ ಶತಮಾನದಲ್ಲಿ ಮುದುವೊಳಲಿನ, ಎಂದರೆ ಇಂದಿನ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಚಾಲುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಬಳೆ ಮಾರುವವರ ಮನೆಯ ಹುಡುಗನ ಉಚ್ಚಾರವನ್ನು ಕೇಳಿ ಆಸ್ಥಾನದವರು ನಕ್ಕಿದ್ದರೆ ‘ಗದಾಯುದ್ಧ’ದ ಗತಿ ಏನಾಗುತ್ತಿತ್ತು? ಇತ್ತೀಚಿನ ಮಾತು ಬೇಕಾದರೆ, ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಪಂಢರಿನಾಥಾಚಾರ್ಯ ಗಲಗಲಿಯವರ ಸಂಸ್ಕೃತ ಪಾಂಡಿತ್ಯವನ್ನು ದೇಶ ಗೌರವಿಸಿತು. ಭಾಷೆಗೆ ಮೇಲು ಕೀಳು ಹುಟ್ಟಿನಿಂದ ಬರುವುದಿಲ್ಲ. ಅಧಿಕಾರ, ಅಚ್ಚುಕೂಟ, ಪ್ರಸಾರದ ಗೋಪುರ ಎಲ್ಲಿರುತ್ತವೆಯೊ ಅಲ್ಲಿಯ ಮಾತು ಶುದ್ಧ, ಉಳಿದುದು ಹಾಸ್ಯ.

ಇಂಗ್ಲೆಂಡಿನವರು ಈ ಉಚ್ಚಾರದ ಮೇಲರಿಮೆಯನ್ನು ತಿರುಗಿಸಿ ಹೊಡೆದ ಬಗೆ ನೆನೆಯತಕ್ಕದ್ದು. 1990ರಿಂದ 1995ರವರೆಗೆ ಬಿ.ಬಿ.ಸಿ.ಯಲ್ಲಿ ಬಂದ ‘ಕೀಪಿಂಗ್ ಅಪ್ ಅಪಿಯರೆನ್ಸಸ್’ ಮಾಲಿಕೆಯ ಗೃಹಿಣಿಯ ಮನೆತನದ ಹೆಸರು ‘ಬಕೆಟ್’. ಅದನ್ನು ‘ಬುಕೇ’ ಎಂದು ಉಚ್ಚರಿಸಬೇಕೆಂದು ಅವಳು ದೂರವಾಣಿಯಲ್ಲಿ, ಬಾಗಿಲಲ್ಲಿ, ಎಲ್ಲೆಲ್ಲೂ ಹಟ ಹಿಡಿಯುತ್ತಾಳೆ. ಬಕೀಟು ಹೂಗುಚ್ಛವಾಗಬೇಕು! ಅಲ್ಲಿ ನಗೆ ಬೀಳುವುದು ಬಡ ಅಕ್ಕತಂಗಿಯರ ಒರಟು ಮಾತಿನ ಮೇಲಲ್ಲ. ಅವರನ್ನು ಮರೆಮಾಡಲು ಹೆಣಗುವ ಇವಳ ನಾಜೂಕಿನ ಮೇಲೆ. ಹಿಂದಿಯಲ್ಲಿ 2004ರಲ್ಲಿ ಬಂದ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ಯ ಅತ್ತೆ ಮಾಯಾ ಕೂಡ ಸೊಸೆಯ ‘ಮಧ್ಯಮ ವರ್ಗದ’ ಅಭಿರುಚಿಯನ್ನು ಕಂಡು ಮೂಗುಮುರಿಯುತ್ತಾಳೆ. ರತ್ನಾ ಪಾಠಕ್ ಶಾ ಅವರ ಅಭಿನಯ ಎಷ್ಟು ಮೋಹಕವಾಗಿತ್ತೆಂದರೆ ಪ್ರೇಕ್ಷಕರು ಮಾಯಾಳ ಕೊಂಕುಗಳನ್ನೇ ಬಾಯಿಪಾಠ ಮಾಡಿದರು. ಆರ್ಚಿಯ ಕುರ್ಚಿಗೆ ಇಲ್ಲೊಬ್ಬಳು ವಾರಸುದಾರಳು ಸಿಕ್ಕಂತಾಯಿತು.

ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಬೆಳವಣಿಗೆ ಕಾಣುತ್ತಿದೆ. ವಾಹಿನಿಗಳ 'ಬಾಗಿಲು ಕಾಯದೆ' ಉತ್ತರ ಕರ್ನಾಟಕದ ತರುಣರು ತಮ್ಮ ಹೊಲ, ತಮ್ಮ ಅಂಗಳ, ತಮ್ಮ ಕೈಯ ಮೊಬೈಲು ಇಷ್ಟನ್ನೇ ಬಂಡವಾಳ ಮಾಡಿಕೊಂಡು ಯೂಟ್ಯೂಬಿನಲ್ಲಿ ಕಿರುಹಾಸ್ಯಗಳನ್ನು ಹರಿಯಬಿಡುತ್ತಿದ್ದಾರೆ. ಊರಿನ ಹೆಸರನ್ನೇ ಹೊತ್ತ ಮಲ್ಲು ಜಮಖಂಡಿ, ಶಿವಪುತ್ರ ಯಶಾರಧಾ ಮೊದಲಾದವರ ಹೆಸರು ಈ ಭಾಗದ ಮಕ್ಕಳ ನಾಲಗೆಯ ಮೇಲಿದೆ. ಕಲೆಯ ದೃಷ್ಟಿಯಿಂದ ಎಲ್ಲವೂ ಒಂದೇ ತೂಕದವಲ್ಲ. ಕೆಲವು ಬರಿಯ ಗದ್ದಲ. ಆದರೆ ಅವುಗಳಲ್ಲಿ ಅಪ್ಪನ ಮಾತೂ ಅದೇ, ಮಗನ ಮಾತೂ ಅದೇ, ಊರಿನ ಪ್ರಮುಖನ ಮಾತೂ ಅದೇ. ಎಲ್ಲರೂ ಒಂದೇ ಮಾತನ್ನಾಡತೊಡಗಿದ ಕೂಡಲೆ ಆ ಮಾತು ಹಾಸ್ಯದ ವಸ್ತುವಾಗಿ ಉಳಿಯುವುದಿಲ್ಲ. ನಗಿಸಬೇಕಾದರೆ ಜಿಪುಣತನವನ್ನೊ, ಸುಳ್ಳನ್ನೊ, ಸೋಮಾರಿತನವನ್ನೊ ಹುಡುಕಬೇಕಾಗುತ್ತದೆ. ಪಾರಿಜಾತದ ಭಾಗವತನಿಗೆ ಇದು ಮೊದಲಿನಿಂದಲೂ ಗೊತ್ತಿತ್ತು.

ಸಂಜೆಯ ಹೊತ್ತು ಈ ಸೀಮೆಯ ಎಷ್ಟೋ ಪಡಸಾಲೆಗಳಲ್ಲಿ ಈಗ ಎರಡು ನಗೆಗಳು ಏಕಕಾಲದಲ್ಲಿ ಕೇಳಿಬರುತ್ತವೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅತ್ತೆ ಸೊಸೆಯರ ಬೆಂಗಳೂರು ಕನ್ನಡ. ಮೂಲೆಯಲ್ಲಿ ಮೊಮ್ಮಗನ ಅಂಗೈಯ ಪರದೆಯಲ್ಲಿ ಊರಿನ ಮಾತು. ಅಜ್ಜಿ ದೊಡ್ಡ ಪರದೆಯ ಕಡೆಗೆ ಮುಖ ಮಾಡಿ ಕುಳಿತಿರುತ್ತಾಳೆ, ಕಿವಿ ಮಾತ್ರ ಮೂಲೆಯ ಕಡೆಗೆ. ಸ್ವಲ್ಪ ಹೊತ್ತು ತಡೆದು, “ಏನಂದ್ನೋ ಅಂವಾ, ಜರಾ ದೊಡ್ಡದ ಮಾಡಲ್ಲಾ” ಎನ್ನುತ್ತಾಳೆ.